ಕಿತ್ತು ಹಾಕಿದ್ರೆ ಸರಿಹೋಗೋ ಮೌಸು: ಲಿನಕ್ಸ್ ಮಿಂಟ್ ಮಷೀನುಗಳ ರಿಪೇರಿ ಲಾಗ್

ಹಾಸನದಲ್ಲಿ ನಮ್ಮಕ್ಕ ಮನೆ ಮುಂದಿನ ರೂಮಲ್ಲಿ ಮಕ್ಕಳಿಗೆ ಟ್ಯೂಷನ್ ಮಾಡ್ತಾಳೆ, ಅದರ ಜೊತೆ ಕಂಪ್ಯೂಟರೂ ಕನ್ನಡ ಟೈಪಿಂಗೂ ಹೇಳಿಕೊಡ್ತಾಳೆ. ನಾಲ್ಕು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಎಲ್ಲಾದ್ರಲ್ಲೂ 4 ಜಿಬಿ ರ್‍ಯಾಮ್, ವಿಂಡೋಸ್ ಬದಲು ಓಡೋ ಲಿನಕ್ಸ್ ಮಿಂಟ್ 21.3 (ಅದರ ಹಗುರವಾದ ಎಕ್ಸ್‌ಎಫ್‌ಸಿಇ ಅವತಾರ), ಕನ್ನಡ ಟೈಪಿಂಗಿಗೆ ಐಬಸ್ ಅನ್ನೋ ಪ್ರೋಗ್ರಾಂನಲ್ಲಿ ಕೆಜಿಪಿ ಕೀಲಿಮಣೆ. ಒಂದು ಮಷೀನ್ ರೆಡಿ ಮಾಡಿ ಅದರ ಡಿಸ್ಕನ್ನೇ ಉಳಿದ ಮೂರಕ್ಕೂ ಕಾಪಿ ಹೊಡೆದಿದಾರೆ, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕಂಪ್ಲೇಂಟ್ ಏನಂದ್ರೆ ಮೌಸ್ ಕೆಲಸ ಮಾಡಲ್ಲ. ಒಂದೊಂದ್ಸಲ ಮಾಡುತ್ತೆ, ಒಂದೊಂದ್ಸಲ ಸತ್ತಂಗೆ ಬಿದ್ದಿರುತ್ತೆ, ವೈರ್ ಕಿತ್ತು ಮತ್ತೆ ಹಾಕಿದ್ರೆ ಸರಿಹೋಗುತ್ತೆ, ಮಾರನೇ ದಿನ ಆನ್ ಮಾಡಿದ್ರೆ ಮತ್ತೆ ಅದೇ ಕಥೆ. ಕಿಟಕಿ ಪಕ್ಕದ ಮಷೀನಲ್ಲಂತೂ ಈಗ ಪೂರ್ತಿ ನಿಂತೇ ಹೋಗಿದೆ. ಊರಿನ ಒಂದು ಸರ್ವಿಸ್ ಅಂಗಡಿಯವರು ಬಂದು ನೋಡಿ "ಮೇಡಂ, ಲಿನಕ್ಸಲ್ಲಿ ಇದೆಲ್ಲಾ ಇದ್ದಿದ್ದೇ, ವಿಂಡೋಸ್ ಹಾಕಿಸ್ಬಿಡಿ" ಅಂದಿದ್ದಾರೆ. ಅಕ್ಕ ಫೋನ್ ಮಾಡಿ "ಏನೋ ಮಾಡೋದೀಗ, ಫಾರ್ಮ್ಯಾಟ್ ಮಾಡಿಸ್ಲಾ?" ಅಂದ್ಲು. ಬೇಡ ಕಣಕ್ಕಾ, ಶನಿವಾರ ಬರ್ತೀನಿ, ಅಲ್ಲಿವರೆಗೂ ಯಾರ ಕೈಗೂ ಕೊಡ್ಬೇಡ ಅಂದೆ. ಒಂದು ಮೌಸಿಗೋಸ್ಕರ ಮಕ್ಕಳ ಫೈಲೆಲ್ಲಾ ಅಳಿಸಿ ಹೊಸದಾಗಿ ಸಿಸ್ಟಮ್ ಹಾಕೋದು ನನಗೆ ಒಪ್ಪಿಗೆ ಆಗಲ್ಲ. ಮೌಸು ಯಾವ ಹಂತದಲ್ಲಿ ಕಾಣೆಯಾಗ್ತಿದೆ ಅಂತ ಲಿನಕ್ಸನ್ನೇ ಕೇಳಬಹುದು, ಕೇಳಿದ್ರೆ ಅದು ಹೇಳುತ್ತೆ.

ಇನ್ನೊಂದು ಮಾತು, ಕಮಾಂಡುಗಳನ್ನ ಉಚ್ಚಾರಣೆ ಪ್ರಕಾರ ಕನ್ನಡದಲ್ಲೇ ಬರ್ದಿದೀನಿ. ಟೈಪ್ ಮಾಡುವಾಗ ಎಲ್ಲಾನೂ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹೊಡೀರಿ, ಡಾಟ್ ಅಂದ್ರೆ ಚುಕ್ಕಿ, ಡ್ಯಾಶ್ ಅಂದ್ರೆ ಅಡ್ಡಗೆರೆ.

ಶನಿವಾರ, ಹಂತ 1: ಮೌಸಿಲ್ಲದೆ ಮಷೀನ್ ಒಳಗೆ ಹೋಗೋದು

ಕಂಟ್ರೋಲ್, ಆಲ್ಟ್, ಟಿ ಮೂರೂ ಒಟ್ಟಿಗೆ ಒತ್ತಿದ್ರೆ ಟರ್ಮಿನಲ್, ಅಂದ್ರೆ ಕಮಾಂಡ್ ಹೊಡೆಯೋ ಜಾಗ ಬರುತ್ತೆ. ವಿಂಡೋಸ್ ಗುರುತಿನ ಕೀ ಒತ್ತಿದ್ರೆ ಮೆನು, ಅಲ್ಲೇ ಹೆಸರು ಟೈಪ್ ಮಾಡಿ ಎಂಟರ್ ಹೊಡೆದ್ರೆ ಪ್ರೋಗ್ರಾಂ ಓಪನ್ ಆಗುತ್ತೆ. ಕರ್ಸರ್ ಬೇಕೇ ಬೇಕು ಅಂತಿದ್ರೆ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮೌಸ್ ಎಮ್ಯುಲೇಷನ್ ಅಂತ ಇದೆ, ಅದನ್ನ ಆನ್ ಮಾಡಿದ್ರೆ ಬಲಗಡೆ ನಂಬರ್ ಕೀಗಳಿಂದ ಕರ್ಸರ್ ಓಡಾಡುತ್ತೆ, 5 ಒತ್ತಿದ್ರೆ ಕ್ಲಿಕ್. ನಿಧಾನ, ಆದ್ರೆ ಮಕ್ಕಳ ಕ್ಲಾಸ್ ನಿಲ್ಲಲ್ಲ. ಅಕ್ಕನಿಗೆ ಇದನ್ನ ಫೋನಲ್ಲೇ ಹೇಳಿಕೊಟ್ಟಿದ್ದೆ, ನಾನು ಹೋಗೋವರೆಗೂ ಅದರಲ್ಲೇ ನಡೆಸಿದ್ಲು.

ಹಂತ 2: ಅದಲು ಬದಲು

ಕಿಟಕಿ ಪಕ್ಕದ ಮಷೀನಿನ ಮೌಸ್ ತೆಗೆದು ಬಾಗಿಲ ಪಕ್ಕದ ಮಷೀನಿಗೆ ಹಾಕಿದೆ, ಅದರದ್ದು ಇದಕ್ಕೆ. ಸಾಮಾನ್ಯವಾಗಿ ಇಲ್ಲೇ ಉತ್ತರ ಸಿಗುತ್ತೆ, ತೊಂದರೆ ಮೌಸ್ ಜೊತೆ ಹೋದ್ರೆ ಮೌಸ್ ಕೆಟ್ಟಿದೆ, ಮಷೀನಲ್ಲೇ ಉಳಿದ್ರೆ ಪೋರ್ಟೋ ಸಾಫ್ಟ್‌ವೇರೋ. ಇಲ್ಲಿ ಎರಡೂ ಆಯ್ತು. ಕಿಟಕಿ ಮೌಸ್ ಬಾಗಿಲ ಮಷೀನಲ್ಲಿ ಒಂದು ಹತ್ತು ನಿಮಿಷ ಓಡಿ ನಿಂತೋಯ್ತು, ಬಾಗಿಲ ಮೌಸ್ ಕಿಟಕಿ ಮಷೀನಲ್ಲಿ ಚೆನ್ನಾಗೇ ಓಡಿ, ರೀಸ್ಟಾರ್ಟ್ ಮಾಡಿದ ಮೇಲೆ ಆಗಾಗ ಹಿಡ್ಕೊಳ್ಳೋಕೆ ಶುರುವಾಯ್ತು. ಒಂದೇ ಕಂಪ್ಲೇಂಟ್ ಅಂತ ಎಲ್ಲರೂ ಹೇಳ್ತಿದ್ದದ್ದು ಎರಡು ಬೇರೆ ಬೇರೆ ರೋಗ ಇರಬಹುದು ಅನ್ನೋ ಅನುಮಾನ ಬಂದಿದ್ದು ಇಲ್ಲಿ. ಹಿಂದಿನ ಪೋರ್ಟ್, ಮುಂದಿನ ಪೋರ್ಟ್ ಎಲ್ಲಾ ಬದಲಾಯಿಸಿದೆ, ಏನೂ ವ್ಯತ್ಯಾಸ ಇಲ್ಲ.

ಅಲ್ಲೇ ಕೂತಿದ್ದ ಏಳನೇ ಕ್ಲಾಸ್ ಹುಡುಗಿ "ಅಣ್ಣ, ಕ್ಲಿಕ್ ಮಾಡಿದ್ರೆ ಎದ್ದೇಳುತ್ತೆ ಅದು" ಅಂದ್ಲು. ಇನ್ನೊಬ್ಬ "ಟೈಪ್ ಮಾಡುವಾಗ ಸ್ವಲ್ಪ ಹೊತ್ತು ಬಿಟ್ರೆ ಮೊದಲ್ನೇ ಅಕ್ಷರ ಬರಲ್ಲ" ಅಂದ. ಈ ಎರಡು ಮಾತಿನಲ್ಲೇ ಅರ್ಧ ಉತ್ತರ ಇತ್ತು, ದಿನಾ ಅದೇ ಮಷೀನ್ ಮುಂದೆ ಕೂರೋ ಮಕ್ಕಳು ನೋಡಿರೋದನ್ನ ಯಾವ ಟೂಲೂ ತೋರ್ಸಲ್ಲ.

ಹಂತ 3: ಕೆಲಸ ಮಾಡದೇ ಇದ್ದ ಮದ್ದುಗಳು

ಮೊದಲು ಬಾಗಿಲ ಮಷೀನಿಂದ ಶುರು ಮಾಡಿದೆ, ಅದರ ಮೌಸ್ ವೈರ್ ಎಲ್ಲಾ ಗಟ್ಟಿ ಇತ್ತು.

ಪರದೆ, ಮೌಸ್ ಎಲ್ಲಾ ನೋಡ್ಕೊಳ್ಳೋ ಎಕ್ಸ್ ಸರ್ವರಿನ ಇನ್‌ಪುಟ್ ಡ್ರೈವರ್ ಪ್ಯಾಕೇಜ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಉಪಯೋಗ ಆಗ್ಲಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ಲಿಗೆ ಹೊಸ ಅಪ್‌ಡೇಟ್ ಹಾಕಿದೆ, ಅದೂ ಇಲ್ಲ, ಇಂಟರ್ನೆಟ್ ಡೇಟಾ ಖರ್ಚಾಗಿದ್ದಷ್ಟೇ. ಆಮೇಲೆ ಯುಎಸ್‌ಬಿಹಿಡ್ ಅನ್ನೋ ಡ್ರೈವರನ್ನ ಮೋಡ್‌ಪ್ರೋಬ್ ಅನ್ನೋ ಕಮಾಂಡಿಂದ ಇಳಿಸಿ ಮತ್ತೆ ಏರಿಸಿದೆ. ಇದನ್ನ ಮಾಡೋರಿಗೆ ಒಂದು ಎಚ್ಚರಿಕೆ: ಯುಎಸ್‌ಬಿ ಕೀಬೋರ್ಡೂ ಅದೇ ಡ್ರೈವರ್ ಮೇಲೆ ಓಡೋದು, ಇಳಿಸೋ ಕಮಾಂಡ್ ಒಂದನ್ನೇ ಹೊಡೆದ್ರೆ ಕೀಬೋರ್ಡೂ ಸತ್ತು ಏರಿಸೋ ಕಮಾಂಡ್ ಹೊಡೆಯೋಕೆ ಏನೂ ಉಳಿಯಲ್ಲ, ಪವರ್ ಬಟನ್ನೇ ಗತಿ. ಹಾಗಾಗಿ ಎರಡೂ ಕಮಾಂಡನ್ನ ಮಧ್ಯೆ ಸೆಮಿಕೋಲನ್ ಹಾಕಿ ಒಂದೇ ಸಾಲಲ್ಲಿ ಹೊಡೀಬೇಕು. ಡ್ರೈವರ್ ಇಳಿದು ಏರಿತು, ಮೌಸ್ ಮಾತ್ರ ಹಂಗೇ ಇತ್ತು.

ಹಂತ 4: ಒಂದೊಂದೇ ಮೆಟ್ಟಿಲು ಕೇಳ್ಕೊಂಡು ಹೋಗೋದು

ಮೊದಲ ಪ್ರಶ್ನೆ, ಮಷೀನಿಗೆ ಮೌಸ್ ಇದೆ ಅಂತ ಗೊತ್ತಾ? ಎಲ್‌ಎಸ್‌ಯುಎಸ್‌ಬಿ ಹೊಡೆದೆ, ಪಟ್ಟಿಯಲ್ಲಿ ಆಪ್ಟಿಕಲ್ ಮೌಸ್ ಅಂತ ಬಂತು. ಅಂದ್ರೆ ವೈರ್, ಪೋರ್ಟ್ ಎರಡೂ ಸರಿ.

ಎರಡನೇದು, ಮೌಸ್ ಅಲ್ಲಾಡಿಸಿದ್ದು ಕರ್ನೆಲ್‌ವರೆಗೂ ತಲುಪ್ತಿದೆಯಾ? ಇದಕ್ಕೆ ಇವ್‌ಟೆಸ್ಟ್ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ, ಆಪ್ಟ್ ಕಮಾಂಡಿಂದ ಇನ್‌ಸ್ಟಾಲ್ ಮಾಡ್ಕೊಂಡು ಮುಂದೆ ಸುಡೋ (ಅಡ್ಮಿನ್ ಅಧಿಕಾರ ಕೊಡೋ ಪದ) ಹಾಕಿ ಓಡಿಸಿದ್ರೆ ಎಲ್ಲಾ ಇನ್‌ಪುಟ್ ಸಾಧನಗಳಿಗೂ ನಂಬರ್ ಕೊಟ್ಟು ತೋರ್ಸುತ್ತೆ, ಮೌಸಿನ ನಂಬರ್ ಒತ್ತಿದ್ರೆ ಆಮೇಲೆ ಒಂದೊಂದು ಅಲುಗಾಟಕ್ಕೂ ಒಂದೊಂದು ಸಾಲು ಓಡುತ್ತೆ. ಅಡ್ಡ ಹೋದ್ರೆ ರೆಲ್ ಎಕ್ಸ್, ಉದ್ದ ಹೋದ್ರೆ ರೆಲ್ ವೈ, ಎಡ ಬಟನ್ ಒತ್ತಿದ್ರೆ 272ನೇ ಕೋಡ್, ಒತ್ತಿದಾಗ 1, ಬಿಟ್ಟಾಗ 0. ಮೌಸ್ ಅಲ್ಲಾಡಿಸ್ತಾ ಇದ್ದಷ್ಟು ಹೊತ್ತೂ ಸಾಲುಗಳು ದಬದಬ ಬಂದ್ವು. ಕೈ ತೆಗೆದೆ. ಮೌಸ್ ಅಡಿಯ ಕೆಂಪು ಲೈಟನ್ನೇ ನೋಡ್ತಾ ಕೂತೆ. ಎರಡು ಸೆಕೆಂಡ್ ಆಗ್ತಿದ್ದಂಗೆ ಲೈಟ್ ಆರಿಹೋಯ್ತು. ಈಗ ಮೌಸ್ ಎಷ್ಟು ತಳ್ಳಿದ್ರೂ ಒಂದು ಸಾಲೂ ಇಲ್ಲ. ಎಡ ಬಟನ್ ಒತ್ತಿದೆ, ಲೈಟ್ ಹತ್ಕೊಳ್ತು, ಸಾಲುಗಳು ಮತ್ತೆ ಓಡಿದ್ವು.

ಸತ್ತಿಲ್ಲ, ನಿದ್ದೆ ಹೊಡೀತಿದೆ. ಲಿನಕ್ಸಲ್ಲಿ ಯುಎಸ್‌ಬಿ ಆಟೋಸಸ್ಪೆಂಡ್ ಅಂತ ಇದೆ, ಉಪಯೋಗಿಸದೇ ಇರೋ ಸಾಧನನ ಮಲಗಿಸೋದು, ಕರ್ನೆಲ್‌ನಲ್ಲಿ ಅದರ ಮಾಮೂಲಿ ಅವಧಿ 2 ಸೆಕೆಂಡ್. ಆದ್ರೆ ಮೌಸು ಕೀಬೋರ್ಡಿಗೆ ಇದು ತಾನಾಗೇ ಆನ್ ಆಗಿರಲ್ಲ, ಯಾಕಂದ್ರೆ ಬಹಳ ಮೌಸುಗಳು ಮಲಗಿದ ಮೇಲೆ ಬಟನ್ ಒತ್ತಿದ್ರೆ ಮಾತ್ರ ಏಳ್ತವೆ, ಅಲ್ಲಾಡಿಸಿದ್ರೆ ಏಳಲ್ಲ. ಕೀಬೋರ್ಡ್ ಏಳುತ್ತೆ, ಆದ್ರೆ ಎಬ್ಬಿಸಿದ ಆ ಮೊದಲ್ನೇ ಅಕ್ಷರ ಎಷ್ಟೋ ಸಲ ಕಳೆದುಹೋಗುತ್ತೆ. ಹುಡುಗ ಹೇಳಿದ್ದು ಅದೇ.

ಖಾತ್ರಿ ಮಾಡ್ಕೊಳ್ಳೋಕೆ ಸಿಸ್ ಫೋಲ್ಡರಲ್ಲಿ ಬಸ್, ಯುಎಸ್‌ಬಿ, ಡಿವೈಸಸ್ ಅಂತ ಒಳಗೆ ಹೋಗಿ ಮೌಸ್ ಕೂತಿದ್ದ 1-4 ಅನ್ನೋ ಫೋಲ್ಡರಿನ ಪವರ್ ಒಳಗೆ ಕಂಟ್ರೋಲ್ ಅನ್ನೋ ಫೈಲನ್ನ ಕ್ಯಾಟ್ ಕಮಾಂಡಲ್ಲಿ ಓದಿದೆ. ಆಟೋ ಅಂತ ಬಂತು. ಪಕ್ಕದಲ್ಲೇ ಇರೋ ರನ್‌ಟೈಮ್ ಸ್ಟೇಟಸ್ ಫೈಲಲ್ಲಿ ಸಸ್ಪೆಂಡೆಡ್. ನನ್ನ ಲ್ಯಾಪ್‌ಟಾಪಲ್ಲೂ ಮಿಂಟೇ ಇರೋದು, ಅದಕ್ಕೆ ಅದೇ ಮೌಸ್ ಹಾಕಿ ನೋಡಿದ್ರೆ ಆನ್ ಅಂತಿದೆ. ಆನ್ ಅಂದ್ರೆ ಯಾವಾಗಲೂ ಎಚ್ಚರ, ಆಟೋ ಅಂದ್ರೆ ಮಲಗೋಕೆ ಪರ್ಮಿಷನ್. ಯಾರೋ ಈ ಮಷೀನುಗಳಲ್ಲಿ ಪರ್ಮಿಷನ್ ಕೊಟ್ಟಿದಾರೆ.

ಹಂತ 5: ಯಾರು ಮಲಗಿಸ್ತಿರೋದು

ಸಾಧನ ಚುಚ್ಚಿದಾಗ ಏನು ಮಾಡ್ಬೇಕು ಅಂತ ನೋಡ್ಕೊಳ್ಳೋದು ಯುಡೆವ್, ಅದಕ್ಕೆ ಮೊದಲು ರೂಲ್ ಒಂದು ಬರೆದೆ: ಈ ವೆಂಡರ್ ನಂಬರಿನ ಮೌಸ್ ಬಂದ್ರೆ ಪವರ್ ಕಂಟ್ರೋಲನ್ನ ಆನ್ ಮಾಡು ಅಂತ. ಇಟಿಸಿ ಒಳಗೆ ಯುಡೆವ್, ಅದರೊಳಗೆ ರೂಲ್ಸ್ ಡಾಟ್ ಡಿ ಫೋಲ್ಡರಲ್ಲಿ ಇಟ್ಟು ರೀಸ್ಟಾರ್ಟ್ ಮಾಡಿದೆ. ಮತ್ತೆ ಆಟೋ! ರೂಲಲ್ಲಿ ಸ್ಪೆಲ್ಲಿಂಗ್ ಸರಿ ಇದೆ, ಕಿತ್ತು ಹಾಕಿದ್ರೆ ಆನ್ ಅಂತಲೇ ಬರ್ತಿದೆ, ಆದ್ರೆ ಬೂಟ್ ಆದ ತಕ್ಷಣ ನೋಡಿದ್ರೆ ಆಟೋ. ಅಂದ್ರೆ ಯುಡೆವ್ ಕೆಲಸ ಮುಗಿಸಿದ ಮೇಲೆ ಇನ್ಯಾರೋ ಬಂದು ಅದನ್ನ ತಿರುಗಿಸ್ತಿದಾರೆ.

ಸಿಸ್ಟಮ್‌ಸಿಟಿಎಲ್‌ನಲ್ಲಿ ಎನೇಬಲ್ ಆಗಿರೋ, ಅಂದ್ರೆ ಮಷೀನ್ ಆನ್ ಆದಾಗ ತಾನಾಗೇ ಓಡೋ ಸರ್ವಿಸುಗಳ ಪಟ್ಟಿ ತೆಗೆದು ಒಂದೊಂದೇ ಓದಿದೆ. ಪವರ್‌ಟಾಪ್ ಡಾಟ್ ಸರ್ವಿಸ್ ಅಂತ ಒಂದಿತ್ತು. ಓಪನ್ ಮಾಡಿದ್ರೆ ಕೈಯಲ್ಲಿ ಬರೆದಿರೋ ನಾಲ್ಕೈದು ಸಾಲಿನ ಫೈಲು, ಬೂಟ್ ಆದಾಗ ಪವರ್‌ಟಾಪನ್ನ ಆಟೋ ಟ್ಯೂನ್ ಅನ್ನೋ ಆಪ್ಷನ್ ಜೊತೆ ಒಂದ್ಸಲ ಓಡಿಸು ಅಂತಿದೆ. ಪವರ್‌ಟಾಪ್ ಕರೆಂಟ್ ಉಳಿಸೋ ಪ್ರೋಗ್ರಾಂ, ಆಟೋ ಟ್ಯೂನ್ ಅಂದ್ರೆ ಅದು ಪಟ್ಟಿ ಮಾಡಿರೋ ಎಲ್ಲಾ ಉಳಿತಾಯಾನೂ ಒಟ್ಟಿಗೆ ಆನ್ ಮಾಡುತ್ತೆ, ಮೌಸು ಕೀಬೋರ್ಡ್ ಅಂತ ಬಿಡಲ್ಲ. ಅಕ್ಕನ್ನ ಕೇಳಿದ್ರೆ "ಯುಪಿಎಸ್ ಬೇಗ ಕೂಗಿಕೊಳ್ಳುತ್ತೆ ಅಂತ ಹೇಳಿದ್ದೆ, ಮೊದಲು ಮಷೀನ್ ಹಾಕಿಕೊಟ್ಟ ಹುಡುಗ ಏನೋ ಮಾಡಿದ್ದ" ಅಂದ್ಲು. ಕರೆಂಟ್ ಹೋಗೋ ಊರಲ್ಲಿ ಅವನು ಯೋಚಿಸಿದ್ದೇನೂ ತಪ್ಪಲ್ಲ. ಡಿಸ್ಕ್ ಕಾಪಿ ಹೊಡೆದಾಗ ಈ ಫೈಲೂ ನಾಲ್ಕೂ ಮಷೀನಿಗೆ ಹೋಗಿದೆ ಅಷ್ಟೇ.

ಕಿತ್ತು ಹಾಕಿದ್ರೆ ಸರಿಹೋಗೋದು ಯಾಕೆ ಅನ್ನೋದೂ ಇಲ್ಲೇ ಬಗೆಹರೀತು. ಆ ಸರ್ವಿಸ್ ಬೂಟ್ ಆದಾಗ ಒಂದೇ ಸಲ ಓಡೋದು, ಆಗ ಯಾವ ಸಾಧನ ಇದೆಯೋ ಅದಕ್ಕೆ ಮಾತ್ರ ಆಟೋ ಬರೆಯುತ್ತೆ. ಆಮೇಲೆ ಕಿತ್ತು ಹಾಕಿದ ಮೌಸು ಕರ್ನೆಲ್ ಲೆಕ್ಕದಲ್ಲಿ ಹೊಸ ಮೌಸು, ಅದಕ್ಕೆ ಮಾಮೂಲಿ ಆನ್ ಸಿಗುತ್ತೆ, ಸಂಜೆವರೆಗೂ ಏನೂ ತೊಂದರೆ ಇಲ್ಲ, ಮಾರನೇ ದಿನ ಬೂಟ್ ಮಾಡಿದ್ರೆ ಮತ್ತೆ ಆಟೋ. ಹಂತ 3ರಲ್ಲಿ ಡ್ರೈವರ್ ಇಳಿಸಿ ಏರಿಸಿದ್ದು ಉಪಯೋಗ ಆಗದೇ ಇದ್ದಿದ್ದೂ ಇದಕ್ಕೇ, ಡ್ರೈವರ್ ಬದಲಾದ್ರೂ ಆ ಆಟೋ ಅನ್ನೋ ಬರಹ ಸಾಧನದ ಮೇಲೆ ಹಾಗೇ ಇರುತ್ತೆ.

ಮದ್ದು ಒಂದೇ ಸಾಲು: ಸುಡೋ ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಪವರ್‌ಟಾಪ್ ಡಾಟ್ ಸರ್ವಿಸ್. ಬರೀ ಡಿಸೇಬಲ್ ಮಾಡಿದ್ರೆ ಈಗಾಗಲೇ ಬರೆದಿರೋ ಆಟೋ ಹೋಗಲ್ಲ, ರೀಸ್ಟಾರ್ಟ್ ಮಾಡ್ಬೇಕು. ನಾಲ್ಕೂ ಮಷೀನಲ್ಲಿ ಮಾಡಿ, ಬೂಟ್ ಮಾಡಿ ನೋಡಿದೆ, ಆನ್. ಯುಪಿಎಸ್ ಬೇಗ ಕೂಗದೇ ಇರ್ಲಿ ಅಂತ ಅದರ ಬದಲು ಮಾನಿಟರ್ 5 ನಿಮಿಷಕ್ಕೆ ಆಫ್ ಆಗೋ ಹಾಗೆ ಸೆಟ್ ಮಾಡಿದೆ, ಮೌಸ್ ಮಲಗಿಸಿ ಉಳಿಸೋದಕ್ಕಿಂತ ಅದರಲ್ಲಿ ಉಳಿಯೋದು ಎಷ್ಟೋ ಪಾಲು ಜಾಸ್ತಿ. ಯುಡೆವ್ ರೂಲ್ ತೆಗೆದುಹಾಕಿದೆ, ಬೇಡದ ಫೈಲ್ ಬಿಟ್ರೆ ಮುಂದೆ ಬರೋನಿಗೆ ತಲೆನೋವು.

ಭಾನುವಾರ, ಹಂತ 6: ಕಿಟಕಿ ಪಕ್ಕದ ಮೌಸು

ಇದು ಬೇರೆ ರೋಗ. ಎಲ್‌ಎಸ್‌ಯುಎಸ್‌ಬಿಯಲ್ಲಿ ಹೆಸರೇ ಇಲ್ಲ. ಸುಡೋ ಡಿಮೆಸ್ಗ್ ಡ್ಯಾಶ್ ಡಬ್ಲ್ಯು ಅಂತ ಹೊಡೆದು ಕರ್ನೆಲ್ಲಿನ ಲಾಗ್ ಓಡೋಕೆ ಬಿಟ್ಟು ಮೌಸ್ ಚುಚ್ಚಿದೆ. ಬಂದ ಸಾಲುಗಳು ಕನ್ನಡದಲ್ಲಿ ಹೇಳೋದಾದ್ರೆ ಹೀಗೆ: ಹೊಸ ಲೋ ಸ್ಪೀಡ್ ಸಾಧನ ಬಂದಿದೆ, ನಂಬರ್ 11. ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕೊಡೋ ವಿವರ) ಓದೋಕೆ ಆಗ್ತಿಲ್ಲ, ಎರರ್ -71. ಮತ್ತೆ ಎರರ್ -71. ಪವರ್ ಆಫ್ ಮಾಡಿ ಆನ್ ಮಾಡ್ತೀನಿ. ನಂಬರ್ 12. ಅಡ್ರೆಸ್ ಒಪ್ಕೊಳ್ತಿಲ್ಲ. ಕೊನೆಗೆ, ಈ ಸಾಧನನ ಗುರುತಿಸೋಕೆ ಆಗ್ಲಿಲ್ಲ ಅಂತ ಕೈಬಿಡ್ತು. -71 ಅಂದ್ರೆ ಪ್ರೋಟೋಕಾಲ್ ಎರರ್, ಮಾತು ಅರ್ಧಂಬರ್ಧ ಕೇಳಿಸ್ತಿದೆ ಅಂತ. ಇಂಥ ಮೌಸಲ್ಲಿ -71 ಕಂಡ್ರೆ ನಾನು ಮೊದಲು ಅನುಮಾನ ಪಡೋದು ವೈರನ್ನ.

ಲಾಗ್ ನೋಡ್ತಾ ವೈರನ್ನ ಗೇಣು ಗೇಣಾಗಿ ಬಗ್ಗಿಸ್ತಾ ಹೋದೆ. ಮೌಸ್ ಕತ್ತಿನ ಹತ್ರ ಏನೂ ಇಲ್ಲ, ಮಧ್ಯದಲ್ಲಿ ಇಲ್ಲ, ಯುಎಸ್‌ಬಿ ಪಿನ್ನಿನ ಹಿಂದೆ ಒಂದು ಇಂಚಲ್ಲಿ ಬಗ್ಗಿಸಿ ಹಿಡಿದಾಗ ಸಾಧನ ನಂಬರ್ 15 ಬಂತು, ಮೌಸ್ ಹೆಸರೂ ಬಂತು, ಕರ್ಸರ್ ಓಡ್ತು. ಬಿಟ್ಟೆ, ಡಿಸ್ಕನೆಕ್ಟ್. ದಿನಾ ಬೆಳಿಗ್ಗೆ ಮಕ್ಕಳು ವೈರ್ ಹಿಡಿದೇ ಎಳೆದು ಕಿತ್ತು ಹಾಕ್ತಿದ್ರಲ್ಲ, ಅದೇ ಜಾಗ. ಸಾಫ್ಟ್‌ವೇರಿನ ಒಂದು ಸಾಲು ವೈರನ್ನ ಮುರಿಯೋವರೆಗೂ ಹೋಗಿದೆ.

ಮೌಸ್ ಅಡಿಯ ನುಣುಪು ಪ್ಯಾಡನ್ನ ಅಕ್ಕನ ಹೇರ್ ಡ್ರೈಯರಲ್ಲಿ ಬಿಸಿ ಮಾಡಿ ನಿಧಾನಕ್ಕೆ ಎತ್ತಿದೆ, ಅದರ ಕೆಳಗೆ ಒಂದೇ ಸ್ಟಾರ್ ಸ್ಕ್ರೂ. ಬಿಚ್ಚಿ ಹಿಂದಿನಿಂದ ಎತ್ತಿ ಮುಂದಿನ ಕ್ಲಿಪ್ ಬಿಡಿಸಿದ್ರೆ ಒಳಗೆ ಬೋರ್ಡ್, ವೈರ್ ನಾಲ್ಕು ಪಿನ್ನಿನ ಬಿಳಿ ಸಾಕೆಟ್ಟಿಗೆ ಚುಚ್ಚಿದೆ. ಬಿಚ್ಚೋ ಮೊದಲು ಫೋನಲ್ಲಿ ಫೋಟೋ ತೆಗೆದಿಟ್ಟೆ, ಸ್ಕ್ರೋಲ್ ಚಕ್ರ ಯಾವ ಕಡೆ ಕೂತಿತ್ತು ಅಂತ ಆಮೇಲೆ ಗೊತ್ತಾಗಲ್ಲ.

ಮಲ್ಟಿಮೀಟರನ್ನ ಬೀಪ್ ಮೋಡಿಗೆ ಹಾಕಿ ಯುಎಸ್‌ಬಿ ಪಿನ್ನಿನ ಒಂದೊಂದು ಚಿನ್ನದ ಪಟ್ಟಿಯಿಂದ ಒಳಗಿನ ಒಂದೊಂದು ವೈರಿಗೆ ನೋಡಿದೆ. ಯುಎಸ್‌ಬಿಯಲ್ಲಿ ಒಂದನೇದು 5 ವೋಲ್ಟ್, ಎರಡನೇದು ಡೇಟಾ ಮೈನಸ್, ಮೂರನೇದು ಡೇಟಾ ಪ್ಲಸ್, ನಾಲ್ಕನೇದು ಗ್ರೌಂಡ್. ಕೆಂಪು ಬೀಪ್, ಬಿಳಿ ಬೀಪ್, ಕಪ್ಪು ಬೀಪ್. ಹಸಿರು ಸದ್ದಿಲ್ಲ. ಹಸಿರು ಅಂದ್ರೆ ಡೇಟಾ ಪ್ಲಸ್. ಲಾಗ್ ಇದನ್ನ ಮೊದಲೇ ಹೇಳಿತ್ತು ಅನ್ನೋದು ನನಗೆ ಬಹಳ ಖುಷಿ ಕೊಟ್ಟ ವಿಷಯ: ಲೋ ಸ್ಪೀಡ್ ಮೌಸು ನಾನು ಬಂದಿದೀನಿ ಅಂತ ಹೇಳೋದು ಡೇಟಾ ಮೈನಸ್ ವೈರಿನ ವೋಲ್ಟೇಜನ್ನ ಮೇಲೆತ್ತಿ, ಹಾಗಾಗಿ ಬಿಳಿ ವೈರ್ ಮುರಿದಿದ್ರೆ ಲಾಗಲ್ಲಿ ಒಂದು ಸಾಲೂ ಬರ್ತಿರ್ಲಿಲ್ಲ. ಸಾಧನ ಬಂದಿದೆ ಅಂತ ಹೇಳಿ ಆಮೇಲೆ -71 ಕೊಟ್ಟಿದೆ ಅಂದ್ರೆ ಬಿಳಿ ಇದೆ, ಹಸಿರು ಹೋಗಿದೆ. ಮೌಸಿನ ಲೈಟ್ ಉರೀತಾ ಇದ್ದಿದ್ದೂ ಕೆಂಪು ಕಪ್ಪು ಗಟ್ಟಿ ಇದ್ದಿದ್ದಕ್ಕೆ, ಲೈಟ್ ನೋಡಿ ಮೌಸ್ ಚೆನ್ನಾಗಿದೆ ಅಂತ ತೀರ್ಮಾನ ಮಾಡೋಕಾಗಲ್ಲ.

ಹಂತ 7: ವೈರ್ ಬದಲು

ಮುರಿದ ಜಾಗ ಕತ್ತರಿಸಿ ಹೊಸ ಯುಎಸ್‌ಬಿ ಪಿನ್ ಬೆಸುಗೆ ಹಾಕಬಹುದಿತ್ತು, ಆದ್ರೆ ಮೌಸ್ ವೈರಿನ ಎಳೆಗಳು ಕೂದಲಿಗಿಂತ ಸಣ್ಣ, ಮಧ್ಯೆ ನೈಲಾನ್ ದಾರ ಬೇರೆ, 25 ವ್ಯಾಟ್ ಐರನ್ನಲ್ಲಿ ನೀಟಾಗಿ ಕೂರೋದು ಕಷ್ಟ, ಮಕ್ಕಳು ಎಳೆದ್ರೆ ಮತ್ತೆ ಬಿಡುತ್ತೆ. ಅಕ್ಕನ ಡ್ರಾಯರಲ್ಲಿ ಎಡ ಬಟನ್ ಕೆಟ್ಟ ಹಳೇ ಮೌಸ್ ಒಂದಿತ್ತು, ಅದರ ಪೂರ್ತಿ ವೈರನ್ನೇ ತೆಗೆದೆ. ಅದಕ್ಕೂ ನಾಲ್ಕು ಪಿನ್ನಿನ ಅದೇ ಸೈಜಿನ ಕನೆಕ್ಟರ್, ನೋಡೋಕೆ ಒಂದೇ.

ಒಂದೇ ಅಂತ ಚುಚ್ಚಬಾರದು. ಮೀಟರ್ ಹಿಡಿದು ನೋಡಿದ್ರೆ ಕಿಟಕಿ ಮೌಸಿನ ವೈರಲ್ಲಿ ಕೆಂಪು ಮೊದಲು, ಇದರಲ್ಲಿ ಕಪ್ಪು ಮೊದಲು, ಹಸಿರು ಬಿಳಿನೂ ಅದಲು ಬದಲು. ಹಾಗೇ ಚುಚ್ಚಿದ್ದಿದ್ರೆ 5 ವೋಲ್ಟ್ ಉಲ್ಟಾ ಹೋಗಿ ಮೌಸಿನ ಚಿಪ್ ಸುಟ್ಟುಹೋಗ್ತಿತ್ತು. ಬಣ್ಣನೂ ನಂಬಬೇಡಿ, ಕೆಲವು ಕಂಪನಿಯವರು ಬೇರೆ ಬಣ್ಣ ಹಾಕ್ತಾರೆ, ಪಿನ್ನಿನಿಂದ ಬೀಪ್ ಕೇಳಿಸಿಕೊಂಡೇ ಗುರುತು ಹಾಕಿ.

ವೈರ್ ಕತ್ತರಿಸೋ ಅಗತ್ಯ ಇಲ್ಲ. ಕನೆಕ್ಟರಿನ ಪಕ್ಕದಲ್ಲಿ ಒಂದೊಂದು ವೈರಿಗೂ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರುತ್ತೆ, ಹೊಲಿಗೆ ಸೂಜಿ ತುದಿಯಲ್ಲಿ ಅದನ್ನ ಒಂಚೂರು ಎತ್ತಿ ಹಿಡಿದು ವೈರನ್ನ ಹಿಂದಕ್ಕೆ ಎಳೆದ್ರೆ ತಗಡಿನ ತುದಿ ಸಮೇತ ಜಾರಿ ಈಚೆ ಬರುತ್ತೆ. ಜಾಸ್ತಿ ಎತ್ತಿದ್ರೆ ನಾಲಿಗೆ ಮುರಿಯುತ್ತೆ. ನಾಲ್ಕನ್ನೂ ತೆಗೆದು ಕಿಟಕಿ ಮೌಸಿನ ವೈರಿನ ಕ್ರಮದಲ್ಲಿ ಮತ್ತೆ ತಳ್ಳಿದೆ, ಟಿಕ್ ಅಂತ ಕೂತ್ಕೊಳ್ಳುತ್ತೆ. ಒಂದ್ಸಲ ಮೆಲ್ಲಗೆ ಎಳೆದು ನೋಡಿ, ಕೆಂಪು ಕಪ್ಪು ಮಧ್ಯೆ ಶಾರ್ಟ್ ಇಲ್ಲ ಅಂತ ಮೀಟರಲ್ಲಿ ನೋಡಿ, ಆಮೇಲೆ ಬೋರ್ಡಿಗೆ ಚುಚ್ಚಿದೆ. ವೈರಿನ ರಬ್ಬರ್ ಕತ್ತು ಮೌಸಿನ ಸಂದಿಗೆ ಸರಿಯಾಗಿ ಕೂರ್ಲಿಲ್ಲ, ಬ್ಲೇಡಲ್ಲಿ ಒಂದು ಮಿಲಿಮೀಟರ್ ಕೆತ್ತಿದ ಮೇಲೆ ಗಟ್ಟಿಯಾಯ್ತು. ಒಳಗಿನ ಎರಡು ಪ್ಲಾಸ್ಟಿಕ್ ಗೂಟದ ಮಧ್ಯೆ ವೈರನ್ನ ಹಾವಿನ ಥರ ಸುತ್ತಿಸೋದು ಮರೀಬೇಡಿ, ಹೊರಗೆ ಎಳೆದಾಗ ಭಾರ ಬೀಳೋದು ಆ ಗೂಟಕ್ಕೆ, ಕನೆಕ್ಟರಿಗಲ್ಲ.

ಮೌಸ್ ಮುಚ್ಚೋ ಮುಂಚೆನೇ ಚುಚ್ಚಿ ಟೆಸ್ಟ್ ಮಾಡಿದೆ. ಲಾಗಲ್ಲಿ ಲೋ ಸ್ಪೀಡ್ ಸಾಧನ, ಹೆಸರು, ಇನ್‌ಪುಟ್ ಅಂತ ಸಾಲುಗಳು ಬಂದು ಸುಮ್ಮನಾಯ್ತು, -71 ಇಲ್ಲ. ಇವ್‌ಟೆಸ್ಟಲ್ಲಿ ಎಡ, ಬಲ, ಚಕ್ರ ಎಲ್ಲಾ ಸಾಲು ಬಂತು. ವೈರನ್ನ ಪಿನ್ನಿನ ಹತ್ರ ಬಗ್ಗಿಸಿ ತಿರುಚಿ ನೋಡಿದೆ, ಡಿಸ್ಕನೆಕ್ಟ್ ಆಗ್ಲಿಲ್ಲ. ಆಮೇಲೆ ಸ್ಕ್ರೂ, ಪ್ಯಾಡ್ ಅಂಟಿಸೋಕೆ ಎರಡು ಬದಿ ಅಂಟಿನ ಟೇಪ್.

ಖರ್ಚು ಮತ್ತು ಬಾಕಿ

ವೈರಿಗೆ ದುಡ್ಡಿಲ್ಲ. ಅರ್ಧ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ನಾಲ್ಕು ತಂದೆ, ಒಂದಕ್ಕೆ 80 ರೂಪಾಯಿ, ಒಟ್ಟು 320. ಅದರ ಒಂದು ತುದಿ ಸಿಪಿಯು ಹಿಂದೆ, ಇನ್ನೊಂದು ತುದಿನ ಟೇಬಲ್ ಕಾಲಿಗೆ ಕೇಬಲ್ ಟೈ ಹಾಕಿ ಕಟ್ಟಿದೀನಿ, ಯಾರಾದ್ರೂ ಎಳೆದ್ರೆ ಎಕ್ಸ್‌ಟೆನ್ಷನ್ ಹಾಳಾಗ್ಲಿ, ಮೌಸೂ ಬೇಡ ಮದರ್‌ಬೋರ್ಡಿನ ಪೋರ್ಟೂ ಬೇಡ. ಕೇಬಲ್ ಟೈ ಪ್ಯಾಕೆಟ್ 40.

ಅಕ್ಕನ ಸ್ವಂತ ಲ್ಯಾಪ್‌ಟಾಪಿನ ವೈರ್‌ಲೆಸ್ ಮೌಸೂ ತಡವರಿಸ್ತಿತ್ತು. ಅದರ ರಿಸೀವರ್ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಲ್ಲಿ, ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಚುಚ್ಚಿತ್ತು. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಜ್ ಸುತ್ತ ಗಲಾಟೆ ಎಬ್ಬಿಸುತ್ತೆ, ಆ ರಿಸೀವರ್ ಮಾತಾಡೋದೂ ಅಲ್ಲೇ. ಇನ್ನೊಂದು ಪಕ್ಕದ ಕಪ್ಪು ಪೋರ್ಟಿಗೆ ಬದಲಾಯಿಸಿದ ತಕ್ಷಣ ಸರಿಹೋಯ್ತು.

ಬಾಕಿ ಇರೋದು ಹಳೇ ಮೌಸಿನ ಎಡ ಬಟನ್. ಒಳಗಿನ ಮೈಕ್ರೋ ಸ್ವಿಚ್ ಒಂದ್ಸಲ ಒತ್ತಿದ್ರೆ ಎರಡು ಸಲ ಕ್ಲಿಕ್ ಆಗುತ್ತೆ, ಇವ್‌ಟೆಸ್ಟಲ್ಲಿ 272ರ ಸಾಲು ಜೋಡಿ ಜೋಡಿಯಾಗಿ ಬರುತ್ತೆ. ಬಲ ಬಟನ್ನಿನ ಸ್ವಿಚ್ ಎಡಕ್ಕೆ ಹಾಕಿ, ಬಲಕ್ಕೆ ಬೆಂಗಳೂರಿನ ಎಸ್.ಪಿ. ರೋಡಿಂದ ಹೊಸದು ತರ್ತೀನಿ. ಕಿಟಕಿ ಮೌಸಿನ ಮುರಿದ ವೈರನ್ನೂ ಎಸೆದಿಲ್ಲ, ಪಿನ್ನಿನ ಕಡೆ ಎರಡಿಂಚು ಕತ್ತರಿಸಿ ಹೊಸ ಪಿನ್ ಹಾಕಿದ್ರೆ ಆ ಹಳೇ ಮೌಸಿಗೇ ಆಗುತ್ತೆ. ಮುಂದಿನ ಸಲ ಹೋದಾಗ ಮಾಡಿ ಹಂತ 8 ಅಂತ ಇದರ ಕೆಳಗೇ ಸೇರಿಸ್ತೀನಿ.